ತೋಳದ ಹಾದಿ ಬಲ್ಲವರನ್ನು ಕೇಳಿದಿರಾ?

ಗೋಮಾಳ, ಕಾವಲು, ಕಾಡಿನ ವಿಚಾರ ಬಂದಾಗಲೆಲ್ಲ ಓದಿದವರ ನಡುವೆ ಒಂದು ಮಾತು ಓಡಾಡುತ್ತದೆ: ಊರಿನವರನ್ನು ಕೇಳುತ್ತ ಕೂತರೆ ಒಂದು ಗುಂಟೆಯೂ ಉಳಿಯದು, ನಿಯಮ ಮಾಡುವ ಕೆಲಸ ಇಲಾಖೆಗೇ ಇರಲಿ. ಇದರಲ್ಲಿ ನಿಜವೇ ಇಲ್ಲ ಎನ್ನಲಾರೆ. ಗೋಮಾಳ ಒತ್ತಿದವರಲ್ಲಿ ಊರಿನವರೂ ಇದ್ದಾರೆ. ಆದರೆ ನೂರು ರಾಸುಗಳಿಗೆ 12 ಹೆಕ್ಟೇರ್ ಹುಲ್ಲುಗಾವಲು ಬಿಡಬೇಕೆಂಬ 1966ರ ಭೂಕಂದಾಯ ನಿಯಮ ಸರ್ಕಾರದ ಕೈಯಲ್ಲೇ ಇತ್ತಲ್ಲ? ಒತ್ತುವರಿ ಬಿಡಿಸುವ ಅಧಿಕಾರ ತಾಲ್ಲೂಕು ಕಚೇರಿಯಲ್ಲಿ ಉಳಿಯಿತು. ಮೇವು ಕಳಕೊಂಡವಳು ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಳು.

ಮಂಡ್ಯ ಜಿಲ್ಲೆಯ ಪಾಂಡವಪುರದ ಬೇಬಿ ಬೆಟ್ಟವನ್ನೇ ನೋಡಿ. ಅದು ಅಮೃತ್ ಮಹಲ್ ರಾಸುಗಳ ಮೇವಿನ ಕಾವಲು. ಅಲ್ಲಿ ಕಲ್ಲುಗಣಿಗೆ ಪರವಾನಗಿ ಕೊಟ್ಟದ್ದು ಯಾವ ಗ್ರಾಮಸಭೆ? 2022ರಲ್ಲಿ ಪರೀಕ್ಷಾರ್ಥ ಸ್ಫೋಟಕ್ಕೆ ಸಿದ್ಧತೆ ನಡೆದಾಗ, ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿ ಕಟ್ಟೆಗೆ ಅಪಾಯವೆಂದು ಅಡ್ಡ ನಿಂತವರು ರೈತರು. ಅಣೆಕಟ್ಟೆಯ 20 ಕಿ.ಮೀ. ಸುತ್ತ ಗಣಿಗಾರಿಕೆ ಬೇಡವೆಂದು ಹೈಕೋರ್ಟ್ ತಡೆದದ್ದು 2024ರ ಜನವರಿಯಲ್ಲಿ. ಜನ ಬಂದರೆ ಭೂಮಿ ಹೋಗುತ್ತದೆ ಎನ್ನುವವರು ಈ ಬೆಟ್ಟದ ಮುಂದೆ ನಿಂತು ಆ ಮಾತನ್ನು ಇನ್ನೊಮ್ಮೆ ಆಡಬೇಕು.

ಮೇಲುಕೋಟೆಯ ಕಥೆ ಇದಕ್ಕಿಂತ ಸೂಕ್ಷ್ಮ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಹರಡಿರುವ ಆ ಕುರುಚಲು ಕಾಡಿನ 49.82 ಚದರ ಕಿ.ಮೀ. ಪ್ರದೇಶ 1974ರಲ್ಲಿ ಅಭಯಾರಣ್ಯವಾಯಿತು, ಮುಖ್ಯವಾಗಿ ತೋಳಕ್ಕಾಗಿ. ತೋಳವೋ ಕುರಿಹಿಂಡಿನ ಬೆನ್ನಿಗಿರುವ ಪ್ರಾಣಿ. ಹಿಂಡನ್ನು ಹೊರಗಟ್ಟಿದರೆ ಅದೂ ಗಡಿ ದಾಟಿ ಹೊಲದ ಬದುವಿಗೆ ಬರುತ್ತದೆ. ಅಲ್ಲಿ ಅದನ್ನು ಉಳಿಸುವುದೂ ಅಳಿಸುವುದೂ ಮರಿ ಕಳಕೊಂಡ ಕುರಿಗಾಹಿಯ ಮನಸ್ಸಿಗೆ ಬಿಟ್ಟದ್ದು. ಅವನನ್ನು ಕೇಳದೆ ಮೇಯಿಸುವ ನಿಯಮ ಬರೆಯುವುದು ಅನ್ಯಾಯವೂ ಹೌದು, ತೋಳದ ಮಟ್ಟಿಗೆ ಅಪಾಯವೂ ಹೌದು.

ಕಾನೂನಿಗೆ ಇದು ಗೊತ್ತಿಲ್ಲವೆಂದಲ್ಲ. ಅಭಯಾರಣ್ಯ ಮಾಡುವಾಗ ಅಕ್ಕಪಕ್ಕದ ಪ್ರತಿ ಊರಿನಲ್ಲೂ ಪ್ರಾದೇಶಿಕ ಭಾಷೆಯಲ್ಲಿ ಸಾರಬೇಕೆಂದು 1972ರ ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಸಲಹಾ ಸಮಿತಿಯಲ್ಲಿ ಪಂಚಾಯತ್ ಸಂಸ್ಥೆಗಳ ಮೂವರಿರಬೇಕೆಂದೂ ಆಮೇಲೆ ಸೇರಿಸಿದರು. ಆದರೆ ಅಭಯಾರಣ್ಯಗಳ ಸುತ್ತಣ ಪರಿಸರ ಸೂಕ್ಷ್ಮ ವಲಯದ ಕರಡು ಹೊರಡುವುದು ಕೇಂದ್ರದ ರಾಜ್ಯಪತ್ರದಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಆಕ್ಷೇಪಣೆಗೆ 60 ದಿನ. ಆ ಭಾಷೆ ಓದಲಾರದವರ ಮೌನವನ್ನು ಒಪ್ಪಿಗೆಯ ಲೆಕ್ಕಕ್ಕೆ ಹಾಕುವುದನ್ನು ನಾನು ಒಪ್ಪಲಾರೆ. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡನ್ನು ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟೇ ಹೇಳಬೇಕಾಯಿತು.

ಇದೇ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಿಂದ ಸಮುದಾಯ ಮೀಸಲು. ಆಗಿನ ಕಾನೂನಿನಂತೆ ಅಂಥ ಮೀಸಲಿನ ಸಮಿತಿಯಲ್ಲಿ ಪಂಚಾಯಿತಿ ಹೆಸರಿಸಿದ ಐವರಿಗೆ ಅರಣ್ಯ ಇಲಾಖೆಯ ಒಬ್ಬರು. ಅಲ್ಲಿ ಹಕ್ಕಿ ಗೂಡು ಕಟ್ಟುವುದು ಮನೆಯಂಗಳದ ಹುಣಸೆಮರದಲ್ಲಿ, ಸರ್ಕಾರಿ ಕಾಡಿಗೆ ಆ ಲೆಕ್ಕ ಒಗ್ಗದು ಎನ್ನುತ್ತಾರೆ. ಸರಿ, ಐದಕ್ಕೊಂದರ ಲೆಕ್ಕ ಬೇಡ. ಮೇಯಿಸುವ ನಿಯಮದ ಕರಡನ್ನಾದರೂ ಸುಗ್ಗಿಯ ಗಡಿಬಿಡಿ ಇಲ್ಲದ ದಿನ ನೋಡಿ, ತಮಟೆ ಹೊಡೆಸಿ, ಮೇಲುಕೋಟೆ ಸುತ್ತಲ ಗ್ರಾಮಸಭೆಗಳಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಬಂದ ಆಕ್ಷೇಪಣೆಗಳಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಯಾಕೆ ಬಿಟ್ಟರು ಎಂಬುದನ್ನು ಸಹಿ ಬೀಳುವ ಮುನ್ನ ಪಂಚಾಯಿತಿ ಗೋಡೆಗೆ ಅಂಟಿಸಲಿ.