ಅಮರ ಚಿತ್ರಕಥೆಯ ಕನ್ನಡ ಮೂಲ

ಅನಂತ ಪೈ (1929–2011) ಅವರ ಹೆಸರಿನೊಡನೆ ಬೆಸೆದುಕೊಂಡಿರುವ ‘ಅಮರ ಚಿತ್ರಕಥೆ’ಯ ಚರಿತ್ರೆಯನ್ನು ಇಂಗ್ಲಿಷಿನ ‘ಕೃಷ್ಣ’ ಸಂಚಿಕೆಯಿಂದ ಆರಂಭಿಸುವ ರೂಢಿಯಿದೆ. ಪೈ ಅವರೇ ಬರೆದು, ರಾಮ್ ವಾಯೀರ್ಕರ್ ಚಿತ್ರಿಸಿದ ಆ ಸಂಚಿಕೆಯ ಕ್ರಮಸಂಖ್ಯೆ 11 ಎಂಬುದು ಗಮನಾರ್ಹ. ಅದಕ್ಕೂ ಹಿಂದಿನ ಹತ್ತು ಸಂಚಿಕೆಗಳು ಸಿಂಡರೆಲಾ, ಅಲ್ಲಾದೀನ ಮೊದಲಾದ ಹೊರನಾಡಿನ ಕಥೆಗಳು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರ ಒತ್ತಾಸೆಯಿಂದ 1965ರಲ್ಲಿ ಆರಂಭವಾದ ಈ ಯತ್ನದ ಭಾಷೆ ಕನ್ನಡ. ಎಣಿಕೆಯಲ್ಲಿ ಉಳಿದ ಕನ್ನಡವು, ಕಾರ್ಕಳದಲ್ಲಿ ಜನಿಸಿದ ಸಂಪಾದಕರ ಮಾಲೆಯ ಚರಿತ್ರೆಯಲ್ಲಿಯೇ ಮಸುಕಾಗಿರುವುದು ಸೋಜಿಗ.

ಕನ್ನಡ, ತೆಲುಗು, ತಮಿಳುಗಳು ಬೆರೆತ ಬಂಗಾರಪೇಟೆ–ಕೋಲಾರ ಚಿನ್ನದ ಗಣಿ ಪ್ರದೇಶವನ್ನು ಮುಂದಿಟ್ಟುಕೊಂಡು ನೋಡಿದರೆ ಮಾಲೆಯ ಶಕ್ತಿ–ಮಿತಿಗಳೆರಡೂ ನಿಚ್ಚಳವಾಗುತ್ತವೆ. ಚಿತ್ರ ಒಂದೇ, ಮಾತಿನ ಗುಳ್ಳೆ ಮಾತ್ರ ಬೇರೆ. ಅಕ್ಷರ ಬಾರದ ಮಗುವಿಗೂ ಕಥೆ ದಕ್ಕುತ್ತದೆ. ಆದರೆ ಗುಳ್ಳೆಯ ಅಳತೆಗೆ ಮಾತನ್ನು ಕುಗ್ಗಿಸುವಾಗ ಆಯಾ ನೆಲದ ನುಡಿಯ ಸೊಗಡು ಸೋರಿಹೋಗುತ್ತದೆ. ವಸ್ತುವಿನ ಆಯ್ಕೆಯೂ ಅಷ್ಟೆ. ಹಕ್ಕ–ಬುಕ್ಕ, ಕೃಷ್ಣದೇವರಾಯ, ಬಸವೇಶ್ವರರಿಗೆ ಸಂಚಿಕೆಗಳು ಸಂದವು. 2001ರಲ್ಲಿ ಮುಚ್ಚಿದ ಗಣಿಯೊಳಗೆ ತಲೆಮಾರುಗಟ್ಟಲೆ ದುಡಿದಂಥವರನ್ನು ನಾಯಕರಾಗಿ ಕಾಣುವ ಜಾಡು ಈ ಮಾಲೆಯದಲ್ಲ.