ಗಾಳಿಗೊಂದು ರಾಜಕಾಲುವೆ

ಬೆಳ್ಳಂದೂರಿನಲ್ಲಿ ಎಸಿ ಡಕ್ಟ್ ಮಾಡುವವರಿಗೆ ಬರವಿಲ್ಲ. ಹೊರವರ್ತುಲ ರಸ್ತೆಯ ಐಟಿ ಕಟ್ಟಡಗಳು ಅವರಿಗೆ ಕೈತುಂಬ ಕೆಲಸ ಕೊಟ್ಟಿವೆ. ಸ್ನೇಹಿತರ ಮರಗೆಲಸದ ಶೆಡ್ಡಿನಲ್ಲಿ ನಾಲ್ಕು ಮಷಿನ್‌ಗಳಿಂದ ಹೊಟ್ಟು ಎಳೆಯುವ ಪೈಪ್ ಹಾಕಿಸಬೇಕಾದಾಗ ಅಂಥವರೊಬ್ಬರನ್ನೇ ಕರೆಸಿದೆವು. ಎಂಟಿಂಚಿನ ತಗಡಿನ ಕೊಳವೆಯನ್ನು ಅವರು ಅಚ್ಚುಕಟ್ಟಾಗಿ ಕೂರಿಸಿಕೊಟ್ಟರು. ಎಲ್ಲೂ ಸೋರಿಕೆಯಿಲ್ಲ. ಆದರೂ ತಿಂಗಳು ಕಳೆಯುವುದರೊಳಗೆ ರಂದಾ ಮಷಿನ್ನಿನ ಸುರುಳಿಗಳು ಒಳಗೇ ಕೂತು ಅರ್ಧ ಕೊಳವೆ ಕಟ್ಟಿಕೊಂಡಿತ್ತು.

ದೊಡ್ಡದು ಹಾಕಿಸಿ ಎಂದಿದ್ದವನು ನಾನೇ. ಎಸಿಯ ಗಾಳಿ ಸದ್ದು ಮಾಡದೆ ಮೆಲ್ಲಗೆ ಹರಿದರೆ ಸಾಕು. ಹೊಟ್ಟು ಹೊತ್ತ ಗಾಳಿ ಮಾತ್ರ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಆರಿಂಚಿನ ಪೈಪಿನಲ್ಲಿ ಆ ವೇಗ ಬರಲು ಗಂಟೆಗೆ ಸುಮಾರು 1300 ಘನ ಮೀಟರ್ ಗಾಳಿ ಸಾಗಬೇಕು. ಅಷ್ಟೇ ಗಾಳಿ ಎಂಟಿಂಚಿಗೆ ಹೋದರೆ ವೇಗ 11 ಮೀಟರಿಗೆ ಇಳಿಯುತ್ತದೆ. ಇದಕ್ಕೆ ಉದಾಹರಣೆ ಊರಿನಲ್ಲೇ ಇದೆ. ರಾಜಕಾಲುವೆಯಲ್ಲಿ ರಭಸದಿಂದ ಬಂದ ನೀರು ಬೆಳ್ಳಂದೂರು ಕೆರೆಗೆ ಬಿದ್ದು ಹರಡಿಕೊಂಡ ಜಾಗದಲ್ಲೇ ಹೂಳು ಕೂರುತ್ತದೆ. ಕೆರೆಯಿಂದ ಬಿಡಿಎ ವರ್ಷಗಟ್ಟಲೆ ತೆಗೆಸುತ್ತಾ ಬಂದದ್ದು ಅದನ್ನೇ.

ಹಾಗೆಂದು ನಾಲ್ಕಿಂಚಿಗೆ ಇಳಿಯುವಂತಿಲ್ಲ. ಅಷ್ಟೇ ಗಾಳಿಯನ್ನು ನಾಲ್ಕಿಂಚಿನೊಳಗೆ ತೂರಿಸಲು ಫ್ಯಾನು ಆರಿಂಚಿಗಿಂತ ಏಳು ಪಟ್ಟಿಗೂ ಹೆಚ್ಚು ಎಳೆತ ಕೊಡಬೇಕು. ಮಾದಾವರದ ಬಿಐಇಸಿಯಲ್ಲಿ ನಡೆಯುವ ಮರಗೆಲಸದ ಯಂತ್ರಗಳ ಇಂಡಿಯಾವುಡ್ ಮೇಳಕ್ಕೆ ಹೋದವರು ಮೊದಲು ಕೇಳುವುದು ಮೋಟಾರು ಎಷ್ಟು ಎಚ್‌ಪಿ ಎಂದು. ಮಾರುವವರು ಪಟ್ಟಿಯಲ್ಲಿ ಕೊಡುವ ಗಾಳಿಯ ಲೆಕ್ಕ ಬಹಳ ಸಲ ಪೈಪೇ ಇಲ್ಲದೆ ಅಳೆದದ್ದು. ಯಾವ ಮಷಿನ್ ಅತಿ ದೂರದಲ್ಲಿದೆ, ಅಲ್ಲಿಗೆ ಎಷ್ಟು ಮೀಟರ್ ಪೈಪು, ಎಷ್ಟು ತಿರುವು ಎಂದು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಮೋಟಾರಿನ ಮಾತು ಆಮೇಲೆ.

ನಮ್ಮ ಎರಡನೇ ಪ್ರಯತ್ನಕ್ಕೆ ಬೇಕಾದ ಸಾಮಾನು ಸರ್ಜಾಪುರ ರಸ್ತೆಯ ಪ್ಲಂಬಿಂಗ್ ಅಂಗಡಿಯಲ್ಲೇ ಸಿಕ್ಕಿತು: ಚರಂಡಿಗೆ ಹಾಕುವ 160 ಎಂಎಂ, ಅಂದರೆ ಸುಮಾರು ಆರಿಂಚಿನ ಪಿವಿಸಿ ಪೈಪು. ಕವಲಿಗೆ ಟೀ ಬೇಡ, 45 ಡಿಗ್ರಿಯ ವೈ ಕೊಳ್ಳಿ. ನೇರ ಮೂಲೆಗೆ ಒಂದೇ ಎಲ್ಬೋ ಬದಲು 45ರ ಎರಡು ಬೆಂಡ್, ನಡುವೆ ಗೇಣುದ್ದ ಪೈಪು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಡೋರ್ ವೈ. ಮುಚ್ಚಳ ಬಿಚ್ಚಿ ಕೈಹಾಕಿದರೆ ಸಿಕ್ಕಿಕೊಂಡ ಚಕ್ಕೆ ಹೊರಗೆ ಬರುತ್ತದೆ. ಕವಲು ಮುಖ್ಯ ಪೈಪಿಗೆ ಮೇಲಿನಿಂದಲೋ ಪಕ್ಕದಿಂದಲೋ ಸೇರಲಿ. ಕೆಳಗಿನಿಂದ ಸೇರಿಸಿದರೆ ಬೇರೆ ಮಷಿನ್ನಿನ ಹೊಟ್ಟು ಅದರೊಳಗೆ ಉದುರುತ್ತದೆ. ಸುಕ್ಕುಸುಕ್ಕಿನ ಫ್ಲೆಕ್ಸಿಬಲ್ ಹೋಸ್ ಗಾಳಿಯನ್ನು ವಿಪರೀತ ತಡೆಯುತ್ತದೆ, ಕೊನೆಯ ಒಂದೆರಡು ಅಡಿಗೆ ಸಾಕು. ಪಿವಿಸಿಯಲ್ಲಿ ಹೊಟ್ಟು ಉಜ್ಜಿ ಓಡುವಾಗ ಸ್ಥಾಯೀ ವಿದ್ಯುತ್ ಹುಟ್ಟಿ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಹಗಲಿಡೀ ಓಡುವ ಕಾರ್ಖಾನೆಗೆ ಅರ್ಥಿಂಗ್ ಮಾಡಿದ ಜಿಐ ಕೊಳವೆಯೇ ಸರಿ.

ಒಬ್ಬರೇ ಕೆಲಸ ಮಾಡುವ ಶೆಡ್ಡಿನಲ್ಲಿ ಒಂದು ಹೊತ್ತಿಗೆ ಒಂದೇ ಮಷಿನ್ ಓಡುತ್ತದೆ. ಪ್ರತಿ ಕವಲಿಗೂ ಗೇಟು ಇಟ್ಟು, ಬೇಕಾದ್ದನ್ನಷ್ಟೇ ತೆರೆಯಬೇಕು. ಬಲ್ಲವರೂ ಎಡವುವುದು ಇಲ್ಲೇ. ತೆರೆದ ಕವಲು ನಾಲ್ಕಿಂಚಿನದಾಗಿದ್ದು ಅದರಲ್ಲಿ 20 ಮೀಟರ್ ವೇಗವಿದ್ದರೂ, ಆರಿಂಚಿನ ಮುಖ್ಯ ಪೈಪಿಗೆ ಬರುವಾಗ ಅದು 9ಕ್ಕೆ ಕುಸಿದು ಹೂಳು ಮತ್ತೆ ಶುರು. ಆದ್ದರಿಂದ ಆರಿಂಚನ್ನು ಮಷಿನ್ನಿನ ಬಾಯಿಯವರೆಗೂ ಒಯ್ದೆವು. ನಾಲ್ಕಿಂಚಿನ ಬಾಯಿಯನ್ನೇ ಕತ್ತರಿಸಿ ಅಗಲ ಮಾಡಲು ಸ್ನೇಹಿತರು ಎರಡು ದಿನ ಹಿಂಜರಿದರು. ಹೊಸ ಮಷಿನ್ನಿಗೆ ಗರಗಸ ಹಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ.

ಇಷ್ಟೆಲ್ಲ ಪಾಡು ಶೆಡ್ಡು ಚೊಕ್ಕಟವಾಗಿರಲಿ ಎಂದಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸುರುಳಿಗಳನ್ನು ಪೊರಕೆಯಿಂದ ಗುಡಿಸಬಹುದು. ಕಣ್ಣಿಗೆ ಕಾಣದ ಪುಡಿ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಬೀಟೆಯ ಧೂಳಂತೂ ಕೆಲವರ ಚರ್ಮವನ್ನೂ ಕೆರಳಿಸುತ್ತದೆ. ಪೈಪಿನ ಕೊನೆಯಲ್ಲಿ ಗಾಳಿಯನ್ನು ಸುತ್ತಿಸಿ ಹೊಟ್ಟನ್ನು ಡ್ರಮ್ಮಿಗೆ ಇಳಿಸುವ ಸೈಕ್ಲೋನನ್ನೂ ದಾಟಿ ಹೋಗುವುದು ಈ ಪುಡಿಯೇ. ಸೈಕ್ಲೋನಿನ ಆಚೆಗೆ ಬಟ್ಟೆಯ ಚೀಲ ತೆಗೆದು ಮಡಿಕೆಯ ಫಿಲ್ಟರ್ ಹಾಕಿದ್ದೇವೆ. ಈಗ ಮೂರು ವಾರವಾಯಿತು. ನಿನ್ನೆ ಡೋರ್ ವೈ ಮುಚ್ಚಳ ಬಿಚ್ಚಿ ನೋಡಿದೆ, ಪೈಪಿನ ತಳದಲ್ಲಿ ತೆಳ್ಳಗೆ ತೇಗದ ಹುಡಿ, ಒಂದೇ ಒಂದು ಸುರುಳಿ ಇರಲಿಲ್ಲ.