ಹಿಟ್ಟಿನ ಕೋಳಿಯೂ ಮನುಷ್ಯಸ್ವಭಾವವೂ

ಆಶ್ವಯುಜ ಶುದ್ಧ ಅಷ್ಟಮಿಯನ್ನು ಜೀವದಯಾಷ್ಟಮಿಯೆಂದು ಆಚರಿಸುವುದು ನಮ್ಮಲ್ಲಿ ನಡೆದುಬಂದ ರೂಢಿ. ಅಂದು ಬಸದಿಯಲ್ಲಿ ಅಭಿಷೇಕ ಪೂಜಾದಿಗಳು ಮುಗಿದ ಬಳಿಕ ಯಶೋಧರನ ಕಥೆಯನ್ನು ಓದಿಸಿ ಕೇಳುವುದುಂಟು. ನಾಡಿನ ಬಹುಭಾಗ ದುರ್ಗಾಷ್ಟಮಿಯ ಸಡಗರದಲ್ಲಿರುವ ದಿನವೇ ಬಲಿಯನ್ನು ಕುರಿತ ಈ ಕಥೆಯನ್ನು ಓದಬೇಕೆಂದು ಹಿರಿಯರು ಗೊತ್ತುಪಡಿಸಿದ್ದು ಆಕಸ್ಮಿಕವಾಗಿರಲಾರದು. ಕಳೆದ ವರ್ಷ ಹೀಗೆಯೇ ಓದು ಮುಗಿದು, ಗಂಧೋದಕ ಸ್ವೀಕರಿಸಿ ಎಲ್ಲರೂ ಏಳುವ ಹೊತ್ತಿಗೆ ಕಾಲೇಜಿನಲ್ಲಿ ಓದುತ್ತಿರುವ ಹೆಣ್ಣುಮಗಳೊಬ್ಬಳು ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. ಯಶೋಧರ ಕಡಿದದ್ದು ಹಿಟ್ಟನ್ನು. ಅದಕ್ಕೆ ಇಷ್ಟು ಜನ್ಮಗಳ ಸಂಕಟವೆ? ನಿಜವಾದ ಪ್ರಾಣಿಗಳನ್ನು ಹಿಂಡುಹಿಂಡಾಗಿ ಬಲಿಗೊಡುತ್ತಿದ್ದ ಮಾರಿದತ್ತನಿಗೆ ಮಾತ್ರ ಒಂದೇ ದಿನದಲ್ಲಿ ಉದ್ಧಾರವೆ? ಓದಿದ ಪಂಡಿತರು ‘ಸಂಕಲ್ಪಹಿಂಸೆ’ ಎಂಬ ಒಂದು ಪದದಲ್ಲಿ ಉತ್ತರಿಸಿದರು. ಉತ್ತರ ಶಾಸ್ತ್ರಸಮ್ಮತವಾಗಿಯೇ ಇತ್ತು. ಆದರೆ ಹುಡುಗಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಿಜ ಹೇಳುವುದಾದರೆ ನನಗೂ ಆಗಲಿಲ್ಲ. ಮನೆಗೆ ಬಂದು ಜನ್ನನ ಕಾವ್ಯವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಆ ಓದಿನ ಫಲ ಈ ಲೇಖನ.

ಜನ್ನನು ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದವನು. ‘ಯಶೋಧರ ಚರಿತೆ’ ಮುಗಿದದ್ದು ಕ್ರಿ.ಶ. 1209ರಲ್ಲಿ. ನಾಲ್ಕು ಅವತಾರಗಳಲ್ಲಿ ಹರಡಿದ, ಮುನ್ನೂರಕ್ಕೆ ತುಸು ಮೀರಿದ, ಬಹುಮಟ್ಟಿಗೆ ಕಂದಪದ್ಯಗಳಿಂದಲೇ ಕೂಡಿದ ಈ ಕೃತಿ ನಮ್ಮ ಚಂಪೂ ಪುರಾಣಗಳ ಪಕ್ಕದಲ್ಲಿ ಕೈಹೊತ್ತಗೆಯಂತೆ ಕಾಣುತ್ತದೆ. ಕಥೆ ಜನ್ನನ ಸೃಷ್ಟಿಯಲ್ಲ. ಸೋಮದೇವಸೂರಿ ಕ್ರಿ.ಶ. 959ರಲ್ಲಿ ‘ಯಶಸ್ತಿಲಕ ಚಂಪು’ವನ್ನು ಮುಗಿಸಿದ್ದ, ಪುಷ್ಪದಂತ ಇದನ್ನೇ ಅಪಭ್ರಂಶದಲ್ಲಿ ಹಾಡಿದ್ದ, ವಾದಿರಾಜನ ಸಂಸ್ಕೃತ ಕಾವ್ಯವಂತೂ ಜನ್ನನ ಕಣ್ಣಮುಂದೆಯೇ ಇತ್ತು. ಇಷ್ಟು ಜನ ಆಚಾರ್ಯರೂ ಕವಿಗಳೂ ಒಂದೇ ಕಥೆಯನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡರೆಂದರೆ, ಅದರಲ್ಲಿ ಬಗೆಹರಿಯದೆ ಉಳಿದ ಯಾವುದೋ ಒಂದು ತೊಡಕಿರಬೇಕೆಂದೇ ಅರ್ಥ.

ಕಥೆ ಓದುಗರಿಗೆ ಪರಿಚಿತ. ರಾಜಪುರದ ಅರಸ ಮಾರಿದತ್ತ ಚಂಡಮಾರಿಗೆ ನರಬಲಿಯನ್ನು ಅರ್ಪಿಸಲು, ಸುದತ್ತಾಚಾರ್ಯರ ಶಿಷ್ಯರಾದ ಅಭಯರುಚಿ ಅಭಯಮತಿಯರೆಂಬ ಎಳೆಯ ಅಣ್ಣತಂಗಿಯರನ್ನು ಹಿಡಿತರಿಸುತ್ತಾನೆ. ಸಾವಿನ ಮುಂದೆಯೂ ಅಂಜದೆ ನಿಂತ ಆ ಮಕ್ಕಳನ್ನು ಕಂಡು ಬೆರಗಾಗಿ ಅವರ ವೃತ್ತಾಂತ ಕೇಳುತ್ತಾನೆ. ಅಭಯರುಚಿ ಹೇಳುವ ವೃತ್ತಾಂತವೇ ಯಶೋಧರನದು. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ ಇರುಳಿನಲ್ಲಿ ತೇಲಿಬಂದ ಹಾಡೊಂದಕ್ಕೆ ಮನಸೋತು, ಹಾಡಿದ ಮಾವುತ ಅಷ್ಟಾವಂಕನ ವಶವಾಗುತ್ತಾಳೆ. ಅರಸ ಅದನ್ನು ಕಣ್ಣಾರೆ ಕಾಣುತ್ತಾನೆ. ಮುಂದೆ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಅಮೃತಮತಿ ಇಕ್ಕಿದ ವಿಷದಿಂದ ತಾಯಿಮಗ ಇಬ್ಬರೂ ಸಾಯುತ್ತಾರೆ. ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಕೊನೆಗೆ ಅಭಯರುಚಿ ಅಭಯಮತಿಯರಾಗುತ್ತಾರೆ.

ಈ ಕಾವ್ಯವನ್ನು ಓದುವ ಎರಡು ದಾರಿಗಳು ನಮ್ಮಲ್ಲಿ ಗಟ್ಟಿಯಾಗಿವೆ. ಒಂದು ಸಾಹಿತ್ಯ ವಿಮರ್ಶೆಯದು. ಇಪ್ಪತ್ತನೆಯ ಶತಮಾನದ ವಿಮರ್ಶಕರು ಬಹುಪಾಲು ಅಮೃತಮತಿಯ ಪ್ರಸಂಗವನ್ನೇ ಕಾವ್ಯದ ಜೀವಾಳವೆಂದು ಭಾವಿಸಿದರು. ರೂಪ, ರಾಜ್ಯ, ಪ್ರೇಮ ಎಲ್ಲವೂ ಇದ್ದ ಹೆಣ್ಣೊಬ್ಬಳು ಕುರೂಪಿಯಾದ ಮಾವುತನಿಂದ ಏಟು ತಿಂದೂ ಅವನನ್ನೇ ಬಯಸುವುದರಲ್ಲಿ ಮನುಷ್ಯಸ್ವಭಾವದ ನಿಗೂಢತೆಯನ್ನು ಕಂಡರು. ಇನ್ನೊಂದು ದಾರಿ ನಮ್ಮ ಪ್ರವಚನಗಳದು. ಅಲ್ಲಿ ಇದೇ ಪ್ರಸಂಗ ಸ್ತ್ರೀಚಾಂಚಲ್ಯದ ದೃಷ್ಟಾಂತವಾಗುತ್ತದೆ. ತಾಯಂದಿರೂ ಹೆಣ್ಣುಮಕ್ಕಳೂ ತುಂಬಿದ ಸಭೆಯಲ್ಲಿ ಸಂಕೋಚವಿಲ್ಲದೆ ಹಾಗೆ ಹೇಳಿಬಿಡುತ್ತೇವೆ. ಜನ್ನನ ಪದ್ಯಗಳಲ್ಲಿ ಅದಕ್ಕೆ ಆಸ್ಪದವಿಲ್ಲವೆಂದು ನಾನು ವಾದಿಸಲಾರೆ. ಆದರೆ ಈ ಎರಡೂ ಓದುಗಳು ಆನೆಯ ಲಾಯದ ಇರುಳಿನಲ್ಲಿಯೇ ನಿಂತುಬಿಡುತ್ತವೆ. ಕಾವ್ಯ ಅಲ್ಲಿ ನಿಲ್ಲುವುದಿಲ್ಲ. ಅಷ್ಟೂ ಜನ್ಮಗಳ ಸಂಕಟಕ್ಕೆ ಕಾರಣವಾಗುವುದು ಅಮೃತಮತಿಯ ಮೋಹವಲ್ಲ. ಒಳ್ಳೆಯವನಾದ, ವಿವೇಕಿಯಾದ, ಹಿಂಸೆಯನ್ನು ಒಪ್ಪದ ಯಶೋಧರನು ತಾಯಿಗೆ ಹೇಳಿದ ಒಂದು ‘ಹೂಂ’. ಮನುಷ್ಯಸ್ವಭಾವದ ಪ್ರಶ್ನೆ ಅಲ್ಲಿದೆ.

ಆ ‘ಹೂಂ’ ಹೇಗೆ ಬಂತೆಂಬುದನ್ನು ಜನ್ನ ಮೂರು ಹೆಜ್ಜೆಗಳಲ್ಲಿ ತೋರಿಸಿದ್ದಾನೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದನ್ನು ನಾವು ಮರೆತಿದ್ದೇವೆ. ಇರುಳಿನಲ್ಲಿ ಹೆಂಡತಿಯನ್ನೂ ಮಾವುತನನ್ನೂ ಒಟ್ಟಿಗೆ ಕಂಡ ಯಶೋಧರ ಕತ್ತಿಯನ್ನು ಹಿರಿಯುತ್ತಾನೆ. ಮರುಕ್ಷಣದಲ್ಲಿ ತನ್ನ ಘನತೆಯನ್ನು ನೆನೆದು ಕೈಯನ್ನು ತಡೆಯುತ್ತಾನೆ. ಮರುದಿನ ರಾಣಿಯೊಡನೆ ಸರಸದಲ್ಲಿದ್ದವನಂತೆ ನೈದಿಲೆಯ ಹೂವಿನಿಂದ ಅವಳನ್ನು ಹೊಡೆಯುತ್ತಾನೆ. ಇರುಳು ಮಾವುತನ ಪೆಟ್ಟುಗಳನ್ನು ಸಹಿಸಿದವಳು ಹೂವಿನ ಏಟಿಗೆ ಮೂರ್ಛೆಹೋದಂತೆ ಬೀಳುತ್ತಾಳೆ. ಆಮೇಲೆ ಚಂಡಿಯ ಗುಡಿಯಲ್ಲಿ ಹಿಟ್ಟಿನ ಕೋಳಿಯ ಮೇಲೆ ಕತ್ತಿ ಬೀಳುತ್ತದೆ. ತಡೆದ ಕತ್ತಿ, ಹೂವಿನ ಪೆಟ್ಟು, ಕಡಿದ ಹಿಟ್ಟು. ಇರುಳಿನಲ್ಲಿ ತಡೆದದ್ದು ಕೈಯೇ ಹೊರತು ಕ್ರೋಧವಲ್ಲ. ಅದು ಹೂವಿನಲ್ಲಿ ಸರಸದ ವೇಷ ತಾಳಿತು, ಗುಡಿಯಲ್ಲಿ ಶಾಂತಿಕರ್ಮದ ವೇಷ ತಾಳಿತು. ಹೂವಿನ ಪ್ರಸಂಗವನ್ನು ಬರಿಯ ವ್ಯಂಗ್ಯದ ಚಮತ್ಕಾರವೆಂದು ಓದಿ ಮುಂದೆ ಹೋಗುವುದು ವಾಡಿಕೆ. ನನಗೆ ಅದು ಕಾವ್ಯದ ನಡುಗಂಬದಂತೆ ತೋರುತ್ತದೆ.

ಇದರೊಡನೆ ತಾಯಿಯೊಡನೆ ನಡೆದ ಮಾತುಕತೆಯನ್ನೂ ಗಮನಿಸಬೇಕು. ಯಶೋಧರ ನಡೆದದ್ದನ್ನು ನಡೆದಂತೆ ಹೇಳುವುದಿಲ್ಲ. ಕೆಟ್ಟ ಕನಸು ಕಂಡೆನೆಂದು ಹೇಳಿ ಮರೆಮಾಡುತ್ತಾನೆ. ತಾಯಿಯ ಮನಸ್ಸು ನೋಯದಿರಲಿ, ಮನೆತನದ ಮಾನ ಹೋಗದಿರಲಿ ಎಂಬ ಸದುದ್ದೇಶವೇ ಅದು. ಆದರೆ ಕನಸಿಗೆ ತಾಯಿ ತನಗೆ ತಿಳಿದ ಪರಿಹಾರವನ್ನೇ ಸೂಚಿಸುತ್ತಾಳೆ: ದೇವಿಗೆ ಪ್ರಾಣಿಬಲಿ. ಮಗ ಒಪ್ಪುವುದಿಲ್ಲ, ಹಿಂಸೆಯ ವಿರುದ್ಧ ಅವನು ಆಡುವ ಮಾತುಗಳಲ್ಲಿ ಯಾವ ಕೊರತೆಯೂ ಇಲ್ಲ. ತಾಯಿ ಬೇಡಿಕೊಳ್ಳುತ್ತಾಳೆ, ಪ್ರಾಣಿ ಬೇಡ, ಹಿಟ್ಟಿನದಾದರೂ ಆಗಲಿ ಎನ್ನುತ್ತಾಳೆ. ಇಲ್ಲಿ ಯಾರು ದುಷ್ಟರು? ಮಗನ ಕ್ಷೇಮ ಬಯಸಿದ ತಾಯಿಯೆ? ತಾಯಿಯನ್ನು ನೋಯಿಸಲಾರದ ಮಗನೆ? ಕ್ರೋಧಕ್ಕೆ ಮಾಯೆ ಸೇರಿತು, ಮಾಯೆಗೆ ದಾಕ್ಷಿಣ್ಯ ಸೇರಿತು. ಅಷ್ಟರಲ್ಲಿ ಧರ್ಮವನ್ನು ಚೆನ್ನಾಗಿ ಬಲ್ಲವನೊಬ್ಬ ಕೈಯಲ್ಲಿ ಕತ್ತಿ ಹಿಡಿದು ಗುಡಿಯ ಮುಂದೆ ನಿಂತಿದ್ದ.

ನಾವು ಮಾತಿಗೆ ‘ಮನುಷ್ಯಸ್ವಭಾವವೇ ಅಷ್ಟು’ ಎನ್ನುತ್ತೇವೆ. ನಮ್ಮ ಶಾಸ್ತ್ರ ಈ ಮಾತನ್ನು ಒಪ್ಪುವುದಿಲ್ಲವೆಂಬುದು ನಮಗೇ ಮರೆತುಹೋಗಿದೆ. ಕುಂದಕುಂದಾಚಾರ್ಯರ ಪರಂಪರೆಯಲ್ಲಿ ಸ್ವಭಾವವೆಂದರೆ ಜೀವದ ನಿಜ ಗುಣಗಳಾದ ಜ್ಞಾನ ದರ್ಶನಗಳು. ಕ್ರೋಧ, ಮಾನ, ಮಾಯೆ, ಲೋಭಗಳು ಮೋಹನೀಯ ಕರ್ಮದ ಉದಯದಿಂದ ಜೀವದಲ್ಲಿ ತೋರುವ ವಿಕಾರಗಳು. ಅವಕ್ಕೆ ವಿಭಾವವೆಂದು ಹೆಸರು. ಸ್ಫಟಿಕದ ಬಳಿ ದಾಸವಾಳವನ್ನು ಇಟ್ಟರೆ ಸ್ಫಟಿಕ ಕೆಂಪಾಗಿ ಕಾಣುತ್ತದೆ, ಕೆಂಪು ಸ್ಫಟಿಕದ್ದಲ್ಲ. ಅಮೃತಮತಿಯ ಮೋಹವನ್ನು ‘ಸ್ವಭಾವ’ವೆಂದು ಕರೆದ ಕ್ಷಣವೇ ಅವಳಿಗೂ ನಮಗೂ ಬಿಡುಗಡೆಯ ಬಾಗಿಲು ಮುಚ್ಚುತ್ತದೆ. ವಿಭಾವವೆಂದರೆ ಬಾಗಿಲು ತೆರೆದಿರುತ್ತದೆ, ಜೊತೆಗೆ ಹೊಣೆಯೂ ಹೆಗಲೇರುತ್ತದೆ. ನಿಗೂಢವೆಂದು ಕೈಮುಗಿದು ಕೂರುವ ವಿಮರ್ಶೆಗೂ, ಹೆಣ್ಣಿನ ಮೇಲೆ ಹೊರಿಸಿ ಹಗುರಾಗುವ ಪ್ರವಚನಕ್ಕೂ ಈ ಹೊಣೆ ಬೇಡವಾಗಿದೆಯೇನೋ.

ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹರಣದ ಜೊತೆಗೆ ಪ್ರಮಾದವನ್ನು ಸೇರಿಸಿದ್ದಾರೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇನ್ನೂ ಮುಂದೆ ಹೋಗಿ, ರಾಗಾದಿಗಳು ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ ಎಂಬ ಅಭಿಪ್ರಾಯವನ್ನು ಇಟ್ಟಿದ್ದಾರೆ. ಈ ಬೆಳಕಿನಲ್ಲಿ ನೋಡಿದರೆ ಹಿಟ್ಟಿನ ಕೋಳಿಯಲ್ಲಿ ಪ್ರಾಣವಿತ್ತೇ ಇಲ್ಲವೇ ಎಂಬುದು ಎರಡನೆಯ ಪ್ರಶ್ನೆ. ಜನ್ನನ ಕಾವ್ಯದಲ್ಲಿ ಆ ಕೋಳಿಯ ಚೆಲುವಿಗೆ ಮರುಳಾಗಿ ಬೆಂತರವೊಂದು ಅದರೊಳಗೆ ಸೇರಿಕೊಂಡಿರುತ್ತದೆ. ಕಡಿದಾಗ ಕೋಳಿ ಕೂಗುತ್ತದೆ. ಸಭೆಯಲ್ಲಿ ಈ ಕೂಗು ಬಂದಾಗ ಮಕ್ಕಳು ಬೆಚ್ಚುವುದನ್ನು ಕಂಡಿದ್ದೇನೆ. ಆದರೂ ವಿಮರ್ಶೆಯ ದೃಷ್ಟಿಯಿಂದ ಇದು ಕಾವ್ಯದ ವಾದವನ್ನು ಸ್ವಲ್ಪ ಸಡಿಲಿಸಿದೆಯೆಂದೇ ನನ್ನ ಎಣಿಕೆ. ಕೋಳಿ ಕೂಗದೆ, ಹಿಟ್ಟು ಹಿಟ್ಟಾಗಿಯೇ ಎರಡು ತುಂಡಾಗಿ ಬಿದ್ದಿದ್ದರೆ ಸಂಕಲ್ಪಹಿಂಸೆಯ ತತ್ತ್ವ ಇನ್ನೂ ನಿಷ್ಠುರವಾಗಿ ನಿಲ್ಲುತ್ತಿತ್ತು. ಆದರೆ ಕೂಗು ಇಲ್ಲದಿದ್ದರೆ ಯಶೋಧರ ತನ್ನ ಒಳಗನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ವೈರಾಗ್ಯದ ಕಡೆಗೆ ತಿರುಗುತ್ತಲೂ ಇರಲಿಲ್ಲ. ಕವಿಗೆ ತತ್ತ್ವಕ್ಕಿಂತ ಪಾತ್ರದ ಮೇಲೆ ಕರುಣೆ ಹೆಚ್ಚಾಯಿತೆಂದುಕೊಳ್ಳೋಣ.

ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕವನ್ನು ಇಲ್ಲಿ ನೆನೆಯಬೇಕು. ಅವರು ರಾಣಿಯನ್ನೇ ಜೈನಳನ್ನಾಗಿ ಮಾಡಿ, ರಾಜನನ್ನು ಬಲಿಯಲ್ಲಿ ನಂಬಿಕೆಯಿರುವ ತಾಯಿಗೂ ಅಹಿಂಸೆಯ ಹೆಂಡತಿಗೂ ನಡುವೆ ನಿಲ್ಲಿಸಿದರು. ನಮ್ಮವರಲ್ಲಿ ಕೆಲವರಿಗೆ ಈ ಬದಲಾವಣೆ ರುಚಿಸಲಿಲ್ಲ. ಕಥೆಯನ್ನು ತಿರುಚಿದ ಆಕ್ಷೇಪ ಏನೇ ಇರಲಿ, ಮೋಹಕ್ಕಿಂತ ಸಂಕಲ್ಪವೇ ಇಲ್ಲಿನ ಮುಖ್ಯ ಸಮಸ್ಯೆಯೆಂಬುದನ್ನು ಅನೇಕ ವಿಮರ್ಶಕರಿಗಿಂತ ಆ ನಾಟಕಕಾರರೇ ಸ್ಪಷ್ಟವಾಗಿ ಕಂಡರೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಇನ್ನು ಆ ಹೆಣ್ಣುಮಗಳ ಪ್ರಶ್ನೆ. ಶಿಕ್ಷೆ ಅಪರಾಧಕ್ಕೆ ಮೀರಿದ್ದಲ್ಲವೆ? ನ್ಯಾಯಾಧೀಶನೊಬ್ಬ ಕುಳಿತು ಶಿಕ್ಷೆ ವಿಧಿಸುವನೆಂದು ಭಾವಿಸಿದರೆ ಖಂಡಿತ ಮೀರಿದ್ದೇ. ಆದರೆ ನಮ್ಮ ದರ್ಶನದಲ್ಲಿ ಅಂಥ ನ್ಯಾಯಾಧೀಶನೇ ಇಲ್ಲ. ಕರ್ಮವೆಂಬುದು ಹೊರಗಿನಿಂದ ಬರುವ ದಂಡನೆಯಲ್ಲ. ಮಾಡಿದ ಭಾವವೇ ಬಂಧವಾಗಿ ಅಂಟಿಕೊಳ್ಳುವ ಕ್ರಮ. ಜನ್ಮಾಂತರಗಳನ್ನು ಓದಿ ನೋಡಿ. ಯಶೋಧರ ನವಿಲಾಗುತ್ತಾನೆ, ತಾಯಿ ನಾಯಿಯಾಗುತ್ತಾಳೆ. ಆ ನಾಯಿಯೇ ನವಿಲನ್ನು ಹಿಡಿದು ಕೊಲ್ಲುತ್ತದೆ. ಮುಂದಿನ ಜನ್ಮಗಳಲ್ಲಿಯೂ ಇಬ್ಬರೂ ಒಬ್ಬರನ್ನೊಬ್ಬರು ಬಿಡುವುದಿಲ್ಲ. ತಮ್ಮದೇ ಶ್ರಾದ್ಧಕ್ಕೆ ತಾವೇ ಆಹಾರವಾಗುವ ಭೀಕರ ವಿಪರ್ಯಾಸವೂ ಈ ಕಥಾಪರಂಪರೆಯಲ್ಲಿದೆ. ಕೊನೆಗೆ ಇಬ್ಬರೂ ಕೋಳಿಗಳಾಗಿ, ಯಶೋಧರನ ಮಗನಾದ ಯಶೋಮತಿಯ ಬಾಣಕ್ಕೆ ಬಲಿಯಾಗಿ, ಅವನ ಮಕ್ಕಳಾಗಿಯೇ ಹುಟ್ಟುತ್ತಾರೆ. ಹೊಸ ಶಿಕ್ಷೆಗಳ ಸಾಲು ಇದಲ್ಲ. ಗುಡಿಯ ಮುಂದೆ ನಡೆದ ಒಂದೇ ಘಟನೆ ಬೇರೆ ಬೇರೆ ಮೈಗಳಲ್ಲಿ ಮರುಕಳಿಸುತ್ತಿದೆ. ಪ್ರೀತಿಯ ಹೆಸರಿನಲ್ಲಿ ಒಬ್ಬರನ್ನೊಬ್ಬರು ಹಿಂಸೆಗೆ ಒಪ್ಪಿಸಿದವರು ಒಬ್ಬರಿಗೊಬ್ಬರು ಹಿಂಸೆಯಾಗುತ್ತಾರೆ. ಈ ಭಾಗದಲ್ಲಿ ಜನ್ನ ಅವಸರ ಮಾಡಿದ್ದಾನೆ, ಪದ್ಯಗಳು ಓಡುತ್ತವೆ ಎಂಬ ದೂರು ಸರಿಯಾದುದೇ. ಇರುಳಿನ ಹಾಡಿಗೆ ಕೊಟ್ಟ ವಿರಾಮದಲ್ಲಿ ಅರ್ಧವನ್ನಾದರೂ ನವಿಲಿಗೆ ಕೊಡಬಹುದಿತ್ತು. ಮಾರಿದತ್ತನ ವಿಷಯ ಬೇರೆ. ಅವನು ಮಾಡಿದ್ದನ್ನು ಬಲಿಯೆಂದೇ ಕರೆದು ಮಾಡಿದ. ತಪ್ಪೆಂದು ತಿಳಿದಾಗ ಅದನ್ನು ತಪ್ಪೆಂದೇ ಕಂಡು ಬಿಟ್ಟ. ಯಶೋಧರನಿಗೆ ತಪ್ಪು ಮೊದಲೇ ತಿಳಿದಿತ್ತು.

ನಮ್ಮ ಅಜ್ಜಿ ಸಂಕ್ರಾಂತಿಯ ಸಕ್ಕರೆ ಅಚ್ಚುಗಳಲ್ಲಿ ಹಕ್ಕಿ, ಆನೆಗಳ ಆಕಾರದವನ್ನು ಮಕ್ಕಳ ಕೈಗೆ ಕೊಡುತ್ತಿರಲಿಲ್ಲ. ಹೂವು, ಗೋಪುರಗಳ ಅಚ್ಚು ಮಾತ್ರ. ಅನೇಕ ಮನೆಗಳಲ್ಲಿ ಇಂದಿಗೂ ಈ ಎಚ್ಚರವಿದೆ. ಅದರ ಬೇರು ಈ ಕಥೆಯ ಆಶಯದಲ್ಲೇ ಇದೆ. ಆದರೆ ಆಕಾರದ ಎಚ್ಚರವನ್ನು ಉಳಿಸಿಕೊಂಡು ಭಾವದ ಎಚ್ಚರವನ್ನು ನಾವು ಕಳೆದುಕೊಂಡೆವೇನೋ. ಬೇರೆಯವರ ಮಾತೇಕೆ? ಅಷ್ಟಮಿಯ ಮರುದಿನವೇ ಆಯುಧಪೂಜೆ. ನಮ್ಮ ಅಂಗಡಿಯ ಲಾರಿಗೂ ಪೂಜೆಯಾಗುತ್ತದೆ. ಬೂದುಗುಂಬಳಕಾಯಿಗೆ ತೂತು ಕೊರೆದು, ಕುಂಕುಮ ತುಂಬಿ, ದೃಷ್ಟಿ ತೆಗೆದು ಚಕ್ರದ ಮುಂದೆ ಒಡೆಯುತ್ತಾರೆ. ಕೆಂಪು ನೀರು ಬೀದಿಯಲ್ಲಿ ಹರಿಯುತ್ತದೆ. ಚಾಲಕನಿಗೆ ಅದಿಲ್ಲದೆ ಧೈರ್ಯವಿಲ್ಲ. ಮೊದಲ ವರ್ಷ ನಾನು ಬೇಡವೆಂದಾಗ ನಮ್ಮ ತಾಯಿಯವರೇ, “ಇರಲಿ ಬಿಡಪ್ಪ, ಕಾಯಿ ತಾನೆ” ಎಂದರು. ನಾನು ಒಪ್ಪಿದೆ. ಅಡುಗೆಗೆ ಕುಂಬಳಕಾಯಿ ಹೆಚ್ಚುವುದು ಗೃಹಸ್ಥನ ಆರಂಭದ ಲೆಕ್ಕಕ್ಕೆ ಸೇರುತ್ತದೆ. ಅದರೊಳಗೆ ಕುಂಕುಮ ತುಂಬಿದ್ದು ಯಾವ ಲೆಕ್ಕಕ್ಕೆ? ಅದು ಯಾವುದರ ಬದಲಿಗೆ ಒಡೆಯುತ್ತಿರುವ ಕಾಯಿಯೆಂಬುದು ಚಾಲಕನಿಗೂ ಗೊತ್ತು, ತಾಯಿಗೂ ಗೊತ್ತು, ನನಗೂ ಗೊತ್ತು. ಇಷ್ಟು ವರ್ಷ ನಾನು ಅಷ್ಟಮಿಯಂದು ಬಸದಿಯಲ್ಲಿ ಕುಳಿತು ಯಶೋಧರನಿಗಾಗಿ ಮರುಗಿದ್ದೇನೆ, ನವಮಿಯಂದು ಬೀದಿಯಲ್ಲಿ ನಿಂತು ಕಾಯಿ ಒಡೆಸಿದ್ದೇನೆ.

ಈ ವರ್ಷದ ಓದನ್ನು ಆ ಹೆಣ್ಣುಮಗಳೇ ನಡೆಸಿಕೊಡಬೇಕೆಂದು ಬಸದಿಯ ಸಮಿತಿಯವರಲ್ಲಿ ವಿನಂತಿಸಿದ್ದೇನೆ, ಅವರೂ ಒಪ್ಪಿದ್ದಾರೆ. ಲಾರಿಯ ವಿಚಾರವನ್ನು ಚಾಲಕನೊಡನೆ ಇನ್ನೂ ಮಾತಾಡಿಲ್ಲ. ತಾಯಿಯವರೊಡನೆ ಮಾತಾಡುವುದು ಅದಕ್ಕಿಂತಲೂ ಕಷ್ಟವಾಗಿದೆ.